ಸಮಾಧಾನ ಸಬ್ಬತ್ ಆಚರಿಸಿದ್ದು

ನಗೋರು ಈಗಲೇ ಒಂದು ಸಲ ನಕ್ಕು ಮುಗಿಸಿಬಿಡಿ. ಕತೆ ಮಧ್ಯೆ ನಕ್ಕರೆ ನನಗೆ ದಾರಿ ತಪ್ಪುತ್ತೆ, ಆಮೇಲೆ ನನ್ನ ಬೈಬೇಡಿ. ಆಯ್ತಾ? ಹಾಗಾದ್ರೆ ಕೇಳಿ.

ಕರುಣಾಪುರ ಅಂತ ಒಂದೂರು. ಊರೆಲ್ಲ ಕ್ರೈಸ್ತರೇ. ಊರ ನಡುವೆ ಒಂದು ಚರ್ಚು, ಚರ್ಚಿಗೊಂದು ಗಂಟೆ, ಗಂಟೆಗೊಂದು ಹಗ್ಗ, ಆ ಹಗ್ಗ ಎಳೆಯೋಕೆ ಒಬ್ಬ ಸಮಾಧಾನ. ಮೂವತ್ತು ವರ್ಷದ ಗಂಡಸು, ಎರಡಾಳಿನ ಮೈ. ಬುದ್ಧಿ ಮಾತ್ರ, ಪಾಪ, ಹೇಳಿದ್ದನ್ನ ಹೇಳಿದ ಹಾಗೇ ಮಾಡೋದು. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಮ್ಮಿ ಇಲ್ಲ. "ಹಾಲು ಉಕ್ಕಿದ್ರೆ ಹೇಳು" ಅಂದ್ರೆ ಎದುರಿಗೇ ಕೂತಿರೋನು. ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ "ಅವ್ವಾ, ಉಕ್ಕಿತು" ಅಂತ ಹೇಳೋನು.

ಅವನವ್ವ ಮಾರ್ತಮ್ಮ. ಗಂಡ ಯೋಬಪ್ಪ ಇಪ್ಪತ್ತೆಂಟು ವರ್ಷ ಅದೇ ಗಂಟೆ ಹೊಡೆದು, ಹೋದ ತಿಂಗಳಷ್ಟೇ ತೀರಿಕೊಂಡಿದ್ದ. ಚರ್ಚಿನ ಹಿಂದೆ ಒಂದಂಕಣದ ಮನೆ. ಗಂಟೆ ಹೊಡೆಯೋರಿಗೆ ಆ ಮನೆ. ಗಂಟೆ ಕೈಬಿಟ್ಟರೆ ಮನೆಯೂ ಬಿಟ್ಟ ಹಾಗೆ. ಸಭೆಯ ಹಿರಿಯ ಎಲೀಷಪ್ಪ, ಊರಿಗೆಲ್ಲ ದೊಡ್ಡ ಹೊಲದೋನು, ಬಂದು ಬಾಗಿಲಲ್ಲೇ ನಿಂತು ಹೇಳಿದ: "ನೋಡಮ್ಮ, ಸುಗ್ಗಿವರೆಗೂ ನಿನ್ನ ಮಗನ್ನ ನೋಡ್ತೀವಿ. ಸರಿಯಾಗಿ ನಡೆಸ್ಕೊಂಡು ಹೋದ್ರೆ ಸರಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಮಾರ್ತಮ್ಮನಿಗೆ ಹೊಲವಿಲ್ಲ, ಗದ್ದೆಯಿಲ್ಲ, ಬಾ ಅನ್ನೋ ನೆಂಟರಿಲ್ಲ. ಈ ಪೆದ್ದನ್ನ ಕರ್ಕೊಂಡು ಎಲ್ಲಿಗೆ ಹೋಗ್ತಾಳೆ? ಮಗ ಮಾಡೋ ತಪ್ಪಿಗೆ ತಾನು ದುಡಿದು ತೇಪೆ ಹಾಕ್ತೀನಿ ಅಂತ ಹೊರಟಳು. ಚರ್ಚು ಗುಡಿಸಿದಳು, ಬೆಂಚು ಒರೆಸಿದಳು, ನಮ್ಮ ಸಭಾಪಾಲಕರು ಜಯಶೀಲ ಅಯ್ಯನೋರ ಮನೆಗೆ ನೀರು ಹೊತ್ತಳು, ಎಲೀಷಪ್ಪನ ರಾಗಿ ಹೊಲದಲ್ಲಿ ಹಕ್ಕಿ ಓಡಿಸಿದಳು. ಹೀಗೇ ದಿನಾ.

ಮೊದಲನೇ ಶನಿವಾರ ಮಗನ್ನ ಕೂರಿಸಿ ಬುದ್ಧಿ ಹೇಳಿದಳು.

"ನಾಳೆ ಸಬ್ಬತ್ತು ಕಣೋ ಮಗಾ, ದೇವರ ದಿನ. ದೇವರು ಕಲ್ಲಿನ ಮೇಲೆ ಬರೆದುಕೊಟ್ಟ ಮಾತು. ಯಾವ ಕೆಲಸಾನೂ ಮಾಡಬಾರದು. ಸೌದೆ ಒಡೀಬೇಡ, ನೀರು ಸೇದಬೇಡ. ಕೈಕಟ್ಕೊಂಡಿರು. ಹಿರಿಯರು ನೋಡ್ತಿರ್ತಾರೆ!"

"ಇರ್ತೀನಿ ಅವ್ವ."

ಭಾನುವಾರ ಬಂತು. ಅವ್ವ ಅಯ್ಯನೋರ ಮನೆಗೆ ನೀರು ಹೊರೋಕೆ ಹೋದಳು. ಮಗ ಗಂಟೆ ಕೆಳಗೆ ಕೂತ, ಕೈಕಟ್ಟಿದ. ಏಳು ಗಂಟೆ ಆಯ್ತು. ಎಂಟು ಗಂಟೆ ಆಯ್ತು. ಕರುಣಾಪುರದೋರು ಹೇಗೆ ಅಂದ್ರೆ, ಮನೆಯಲ್ಲಿ ಗಡಿಯಾರ ಇದ್ರೂ ಗಂಟೆ ಕೇಳದೆ ಹೊಸ್ತಿಲು ದಾಟೋರಲ್ಲ. ಹೆಂಗಸರು ಬಿಳೀ ಸೀರೆ ಉಟ್ಟು ಕಾದರು. ಎಲೀಷಪ್ಪ ಕೋಟು ಹಾಕ್ಕೊಂಡು ಜಗಲಿ ಮೇಲೆ ಕಾದು ಕಾದು ಅಲ್ಲೇ ತೂಕಡಿಸಿದ. ಅಯ್ಯನೋರು ಖಾಲಿ ಬೆಂಚುಗಳಿಗೆ ಅರ್ಧ ಪ್ರಸಂಗ ಮಾಡಿ ಆಮೇಲೆ ಹೊರಗೆ ಬಂದು ನೋಡಿದರು. ಅಷ್ಟರಲ್ಲಿ ಮಾರ್ತಮ್ಮನೂ ಓಡಿ ಬಂದಳು.

"ಲೋ! ಗಂಟೆ ಯಾಕೋ ಹೊಡೀಲಿಲ್ಲ?"

"ಹಗ್ಗ ಎಳೆಯೋದು ಕೆಲಸ ಅಲ್ವಾ ಅವ್ವ? ಕೈಕಟ್ಕೊಂಡಿದ್ದೆ."

"ಅಯ್ಯೋ ನನ್ನ ಹಣೆಬರಹವೇ!" ಅಂತ ಮಾರ್ತಮ್ಮ ಹಣೆ ಚಚ್ಚಿಕೊಂಡಳು.

ಅಯ್ಯನೋರು ಸಾಧು ಮನುಷ್ಯರು. ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಸಮಾಧಾನ, ಬರೀ ಕೈಕಟ್ಟಿ ಕೂರೋದಕ್ಕೆ ಸಬ್ಬತ್ ಅನ್ನಲ್ಲಪ್ಪ. ಸಬ್ಬತ್ ದಿನ ನಿಮ್ಮ ಎತ್ತು ಬಾವಿಗೆ ಬಿದ್ದರೆ ಮೇಲಕ್ಕೆ ತೆಗೆಯಲ್ವಾ ಅಂತ ಯೇಸುಸ್ವಾಮಿ ಕೇಳಲಿಲ್ವಾ? ಪ್ರಾಣ ಉಳಿಸೋ ಕೆಲಸಕ್ಕೆ ಸಬ್ಬತ್ತು ಅಡ್ಡ ಬರಲ್ಲ. ಗಂಟೆ ಹೊಡಿ. ಯಾರಾದ್ರೂ ಮುಳುಗೋದು ಕಂಡರೆ ಹಿಂದುಮುಂದು ನೋಡದೆ ಮೇಲಕ್ಕೆ ತೆಗಿ!"

"ತೆಗೀತೀನಿ ಅಯ್ಯನೋರೇ."

ಎರಡನೇ ಭಾನುವಾರ. ಗಂಟೆ ಢಣಢಣ ಅಂತ ಹೊಡೆದ. ಊರೆಲ್ಲ ಬಂತು. ಮಾರ್ತಮ್ಮನಿಗೆ ಹೋದ ಜೀವ ಬಂದಂಗಾಯ್ತು. ಅವತ್ತು ಎಲೀಷಪ್ಪನ ಅಳಿಯನಿಗೆ ದೀಕ್ಷಾಸ್ನಾನ, ಅಂದ್ರೆ ಕ್ರೈಸ್ತನ್ನ ಮಾಡ್ಕೊಳ್ಳೋ ಶಾಸ್ತ್ರ. ಆರಾಧನೆ ಮುಗಿಸಿ ಎಲ್ಲಾರೂ ಕೆರೆಗೆ ಹೋದರು. ಏರಿ ಮೇಲೆ ನಿಂತು ಹಾಡಿದರು. ಅಯ್ಯನೋರು ಎದೆಮಟ್ಟ ನೀರಿಗೆ ಇಳಿದರು, ಬಿಳೀ ಬಟ್ಟೆಯ ಅಳಿಯನೂ ಇಳಿದ. ಅಯ್ಯನೋರು ಅವನ ಬೆನ್ನಿಗೊಂದು ಕೈ, ತಲೆಗೊಂದು ಕೈ ಕೊಟ್ಟು, "ತಂದೆಯ, ಮಗನ..." ಅಂತ ನೀರಿಗೆ ಅದ್ದಿದರು.

"ಅಯ್ಯಯ್ಯೋ! ಮುಳುಗ್ತಾವ್ನೆ! ಮುಳುಗ್ತಾವ್ನೆ!"

ದುಡುಂ ಅಂತ ಹಾರಿದ ಸಮಾಧಾನ. ಅಳಿಯನ್ನ ಸೊಂಟಕ್ಕೆ ಕೈಹಾಕಿ ಎತ್ತಿ ಹೆಗಲಿಗೆ ಹಾಕ್ಕೊಂಡ. ದಡದಲ್ಲಿ ಬೋರಲು ಮಲಗಿಸಿದ. ನೀರು ಕಕ್ಕಲಿ ಅಂತ ಬೆನ್ನಿಗೆ ಗುದ್ದಿದ. ತಿರುಗಿ ನೋಡಿದ್ರೆ ಅಯ್ಯನೋರೂ ಕಾಲು ಜಾರಿ ನೀರಲ್ಲಿ ಬಿದ್ದವ್ರೆ. ಅವರನ್ನೂ ಎಳ್ಕೊಂಡು ಬಂದ! "ಪವಿತ್ರಾತ್ಮನ" ಅನ್ನೋದು ಅವರ ಬಾಯಲ್ಲೇ ಉಳೀತು.

"ನನ್ನ ಅಳಿಯ ಅರ್ಧ ಕ್ರೈಸ್ತ ಆಗಿ ಕೂತವ್ನೆ!" ಅಂತ ಎಲೀಷಪ್ಪ ಕುಣಿದಾಡಿಬಿಟ್ಟ. "ಏನಯ್ಯಾ ಇದು?"

"ಮುಳುಗೋರನ್ನ ತೆಗಿ ಅಂದಿದ್ರು ಯಜಮಾನ್ರೇ. ಇಬ್ಬರನ್ನೂ ತೆಗೆದೆ."

ಮಾರ್ತಮ್ಮ ಕಂಡಕಂಡೋರಿಗೆಲ್ಲ ಕೈಮುಗಿದಳು. ಅಳಿಯನ್ನ ಎರಡನೇ ಸಲ ಇಳಿಸಿ ಪೂರ್ತಿ ಮಾಡಿದರು ಅನ್ನಿ. ಅದು ಮುಗಿಯೋವರೆಗೂ ನಾಲ್ಕು ಜನ ಸಮಾಧಾನನ್ನ ಹಿಡ್ಕೊಂಡಿದ್ದರು.

ಎಲೀಷಪ್ಪ ಬೆರಳು ತೋರಿಸಿ ಹೇಳಿದ: "ಇನ್ನು ಯಾರ ಮೈನೂ ಮುಟ್ಟಬೇಡ! ಸಬ್ಬತ್ ಅಂದ್ರೆ ವಿಶ್ರಾಂತಿ. ನೀನೂ ವಿಶ್ರಮಿಸ್ಕೋ, ಬೇರೆಯೋರಿಗೂ ಕೊಡು. ನಿನ್ನ ಎತ್ತು, ನಿನ್ನ ಕತ್ತೆ, ನಿನ್ನೂರಲ್ಲಿರೋ ಪರದೇಶಿ, ಎಲ್ಲಾರಿಗೂ ವಿಶ್ರಾಂತಿ ಇರಲಿ ಅಂತ ಶಾಸ್ತ್ರದಲ್ಲಿದೆ. ಅಷ್ಟು ಮಾಡು ಸಾಕು!"

"ಮಾಡ್ತೀನಿ ಯಜಮಾನ್ರೇ."

ಮಾಡಿದ. ಮೂರನೇ ಭಾನುವಾರ ಗಂಟೆ ಹೊಡೆದು ಪರದೇಶಿ ಹುಡುಕಿಕೊಂಡು ಹೊರಟ. ಎತ್ತಿಲ್ಲ, ಕತ್ತೆಯಿಲ್ಲ, ಪರದೇಶಿಯಾದ್ರೂ ಸಿಗಲಿ ಅಂತ. ಪೇಟೆಗೆ ಹೋಗೋ ಬಸ್ಸು ಚರ್ಚಿನ ಮುಂದೆ ನಿಂತಿತ್ತು. ಡ್ರೈವರ್ ಟೀ ಕುಡೀತಿದ್ದ.

"ಅಣ್ಣಾ, ನೀನು ಪರದೇಶಿನಾ?"

"ಪಕ್ಕದ ತಾಲೂಕು ಕಣಪ್ಪ."

"ಇವತ್ತು ವಿಶ್ರಾಂತಿ ಇಲ್ವಾ?"

"ನಮಗೆಲ್ಲಿ ವಿಶ್ರಾಂತಿ? ಈ ಬಸ್ಸು ನಿಂತರೆ ತಾನೆ!"

ಅಷ್ಟೇ ಸಾಕಾಯ್ತು ಅವನಿಗೆ. ಬಗ್ಗಿ ಒಂದೊಂದೇ ಚಕ್ರದ ಗಾಳಿ ಬಿಟ್ಟ. ಆರೂ ಚಕ್ರ. ಬಸ್ಸು ಉಸ್ಸಂತ ನೆಲಕ್ಕೆ ಕೂತ್ಕೊಂಡ್ತು. ಒಳಗೆ ಕಿಟಕಿ ಪಕ್ಕ ಯಾರು ಕೂತಿದ್ದರು ಹೇಳಿ? ಹಿರಿಯ ಎಲೀಷಪ್ಪನೇ! ಆರಾಧನೆ ತಪ್ಪಿಸಿ ಪೇಟೆಗೆ ಪಂಪ್‌ಸೆಟ್ಟು ನೋಡೋಕೆ ಹೊರಟಿದ್ದ.

"ಯಾರೋ ಅದು? ಇಳಿಸ್ರೋ ನನ್ನ!"

"ವಿಶ್ರಮಿಸ್ಕೊಳ್ಳಿ ಯಜಮಾನ್ರೇ! ಬಸ್ಸಿಗೂ ಹೇಳಿದ್ದೀನಿ!"

ಊರೆಲ್ಲ ಹೊರಗೆ ಬಂದು ನೋಡ್ತು. ಎಲೀಷಪ್ಪನ ಮುಖ ಹಸಿರುಮೆಣಸಿನಕಾಯಿ ಕಚ್ಚಿದಂಗಾಯ್ತು. ಡ್ರೈವರ್ ಮಾತ್ರ ಹೊಂಗೆ ಮರದ ಕೆಳಗೆ ಟವೆಲ್ ಹಾಸಿ ಸಂಜೆವರೆಗೂ ಗೊರಕೆ ಹೊಡೆದ. ಇಂಥ ನಿದ್ದೆ ಮಾಡಿ ಮೂರು ವರ್ಷ ಆಗಿತ್ತು ಅಂದ.

"ನಾಳೆ ಬೆಳಗ್ಗೆ ಹಿರಿಯರೆಲ್ಲ ಕೂಡ್ತೀವಿ," ಅಂದ ಎಲೀಷಪ್ಪ ಮಾರ್ತಮ್ಮನಿಗೆ. "ಪಾತ್ರೆಪಡಗ ಕಟ್ಕೋ."

ಮಾರ್ತಮ್ಮನಿಗೆ ಬೈಯೋಕೂ ಶಕ್ತಿ ಇರಲಿಲ್ಲ. ಮಗನ್ನ ಕರ್ಕೊಂಡು ಅಯ್ಯನೋರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಅತ್ತಳು. "ನೀವೇ ಒಂದು ಸಲ ಹೇಳಿ ಅಯ್ಯನೋರೇ. ಸಬ್ಬತ್ ಅಂದ್ರೆ ಏನು ಅಂತ ಇವನ ತಲೆಗೆ ಹತ್ತೋ ಹಾಗೆ ಹೇಳಿ. ನನ್ನ ಕೈಲಾಗಲ್ಲ."

ಅಯ್ಯನೋರು ನಿಟ್ಟುಸಿರು ಬಿಟ್ಟರು. "ಕೂತ್ಕೋ ಸಮಾಧಾನ. ಕೇಳು. ಯೆಹೂದ್ಯರು ಶನಿವಾರ ಆಚರಿಸ್ತಾರೆ. ಯೇಸುಸ್ವಾಮಿ ಸತ್ತು ಭಾನುವಾರ ಜೀವಂತ ಎದ್ದರು, ನಾವು ಭಾನುವಾರ ಆಚರಿಸ್ತೀವಿ. ಆದ್ರೆ ಯಾವ ವಾರ ಅನ್ನೋದು ದೊಡ್ಡದಲ್ಲ. ಸಬ್ಬತ್ತು ಮನುಷ್ಯನಿಗೋಸ್ಕರ ಮಾಡಿದ್ದು, ಮನುಷ್ಯನ್ನ ಸಬ್ಬತ್ತಿಗೋಸ್ಕರ ಮಾಡಲಿಲ್ಲ. ಈ ವಾರವಾರದ ಸಬ್ಬತ್ತೆಲ್ಲ ಬರೀ ರುಚಿ ನೋಡೋಕೆ. ಪೂರ್ತಿ ಊಟ ಇನ್ನೂ ಉಳಿದಿದೆ. ದೇವಜನರಿಗೆ ಒಂದು ದೊಡ್ಡ ಸಬ್ಬತ್ತು ಬರೋದಿದೆ. ಅವತ್ತು ದುಡಿಮೆ ಮುಗೀತು, ಅಳು ಮುಗೀತು."

"ಅದು ಬಂತು ಅಂತ ಹೆಂಗೆ ಗೊತ್ತಾಗುತ್ತೆ?"

"ಯಜಮಾನನೇ ಬಂದು, ಸಾಕು, ಇನ್ನು ದುಡೀಬೇಡ ಅಂತಾನೆ. ಒಬ್ಬರಿಗಲ್ಲ, ಎಲ್ಲಾರಿಗೂ ಒಟ್ಟಿಗೇ ಬರುತ್ತೆ."

"ಅವ್ವನಿಗೂನಾ?"

"ಅವ್ವನಿಗೂ ಕಣಪ್ಪ."

ಸಮಾಧಾನ ಬಾಯಿಬಿಟ್ಟುಕೊಂಡು ಕೇಳಿದ. ಇಷ್ಟು ಒಳ್ಳೇ ಮಾತು ಅವನು ಯಾವತ್ತೂ ಕೇಳಿರಲಿಲ್ಲ.

ಸೋಮವಾರ ಬೆಳಗ್ಗೆ ಹಿರಿಯರು ಕೂಡಿದರು, ಎದ್ದರು. ಎಲೀಷಪ್ಪ ನೆಟ್ಟಗೆ ಗಂಟೆ ಹತ್ತಿರ ಬಂದ. "ಸಾಕು ಮಹಾರಾಯ! ಇನ್ನು ನೀನು ದುಡೀಬೇಡ. ಗಂಟೆ ಹೊಡೀಬೇಡ, ಗುಡಿಸಬೇಡ, ದೀಪ ಹಚ್ಚಬೇಡ. ನಿಮ್ಮವ್ವನೂ ಏನೂ ಮಾಡೋದು ಬೇಡ!"

ಸಮಾಧಾನನ ಕಣ್ಣು ಅರಳಿದವು. "ಅವ್ವನೂ ಬೇಡ್ವಾ?"

"ಬೇಡ!"

"ಯಾವತ್ತೂ ಬೇಡ್ವಾ ಯಜಮಾನ್ರೇ?"

"ಯಾವತ್ತೂ ಬೇಡ! ಇನ್ನು ಆ ಹಗ್ಗ ಮುಟ್ಟಿದ್ರೆ ಕೈ ಮುರೀತೀನಿ!"

ಸಮಾಧಾನ ಅವನ ಕಾಲಿಗೆ ಬಿದ್ದ. ಎಲೀಷಪ್ಪ, ಅಯ್ಯೋ ಪಾಪ, ಬೇಡ್ಕೊಳ್ತಾವ್ನೆ ಅಂದ್ಕೊಂಡು ಮುಖ ತಿರುಗಿಸಿ ಹೊಲದ ಕಡೆ ನಡೆದ. ಇವನು ಮನೆಗೆ ಓಡಿದ. ಅವ್ವ ಪಾತ್ರೆ ಕಟ್ತಿದ್ದಳು. ಮೂಲೆಯಲ್ಲಿದ್ದ ಒನಕೆ ಎತ್ಕೊಂಡು ಹಾರಿಬಂದ. ಚರ್ಚಿನ ಗೋಡೆಗೆ ಏಣಿ ಇಟ್ಟ, ಹತ್ತಿದ, ಒನಕೆಯಲ್ಲಿ ಗಂಟೆಗೆ ಬಾರಿಸಿದ. ಹಗ್ಗ ಮುಟ್ಟಲಿಲ್ಲ ನೋಡಿ!

ಧಡಾಂ! ಧಡಾಂ! ಊರಿಗೆ ಬೆಂಕಿ ಬಿತ್ತು ಅಂತ ಕೊಡ ಹಿಡ್ಕೊಂಡು ಓಡಿಬಂದರು. ಎಲೀಷಪ್ಪನ ರಾಗಿ ಕುಯ್ತಿದ್ದ ಇಪ್ಪತ್ತು ಆಳೂ ಕುಡುಗೋಲು ಹಿಡ್ಕೊಂಡೇ ಬಂದರು.

"ದೊಡ್ಡ ಸಬ್ಬತ್ತು ಬಂತು!" ಅಂತ ಸಮಾಧಾನ ಮೇಲಿಂದ ಕೂಗಿದ. "ಯಜಮಾನ್ರೇ ಹೇಳಿದ್ರು! ಸಾಕು, ದುಡೀಬೇಡ ಅಂದ್ರು! ಯಾವತ್ತೂ ಬೇಡ ಅಂದ್ರು! ಮನೆಗೆ ಹೋಗ್ರಪ್ಪೋ!"

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೂಸಮ್ಮ ಅಂತ ಒಬ್ಬಳು ಗಟ್ಟಿಗಿತ್ತಿ, ಬೆಳಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ಕುಡುಗೋಲು ಟಣ್ ಅಂತ ಕೆಳಗೆ ಹಾಕಿದಳು. "ಹಿರಿಯರ ಮಾತು ಮೀರೋಕಾಗುತ್ತಾ?" ಅಂದಳು. ಇಪ್ಪತ್ತು ಕುಡುಗೋಲೂ ಬಿದ್ದವು. ಎಲ್ಲಾರೂ ಚರ್ಚಿನ ಅಂಗಳದಲ್ಲಿ ಕೂತು ಎಲೆಅಡಿಕೆ ಬಿಚ್ಚಿದರು.

ಮಾರ್ತಮ್ಮ ಬಂದು ನೋಡಿದಳು. ನಗಬೇಕೋ ಅಳಬೇಕೋ ತಿಳೀಲಿಲ್ಲ. ಮನೆ ಹೋಗಿತ್ತು, ಇನ್ನು ಹೋಗೋಕೆ ಏನೂ ಇರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು.

ಎಲೀಷಪ್ಪ ಏದುಸಿರು ಬಿಡುತ್ತಾ ಬಂದ. "ಏಳ್ರೋ! ತೆನೆ ಉದುರ್ತಿದೆ! ಮೋಡ ಬೇರೆ ಕಟ್ಟಿದೆ!" ಯಾರೂ ಏಳಲಿಲ್ಲ. "ನೀವೇ ಹೇಳಿದ್ರಂತಲ್ಲ ಯಜಮಾನ್ರೇ," ಅಂದಳು ಸೂಸಮ್ಮ. ಅವನು ಅಯ್ಯನೋರ ಕಡೆ ತಿರುಗಿದ. ಅಯ್ಯನೋರು ನಗು ತಡ್ಕೊಂಡು ಹೇಳಿದರು: "ನಿಮ್ಮ ಮಾತಿಂದ ಬಂದ ಸಬ್ಬತ್ತು, ನಿಮ್ಮ ಮಾತಿಂದಲೇ ಹೋಗಬೇಕು ಹಿರಿಯರೇ. ಅವನನ್ನ ವಾಪಸ್ ಕೆಲಸಕ್ಕೆ ಕರೀರಿ."

ಎಲೀಷಪ್ಪ ಮೋಡ ನೋಡಿದ. ರಾಗಿ ಹೊಲ ನೋಡಿದ. ಹಲ್ಲು ಕಚ್ಚಿದ.

"ಇಳಿಯೋ! ಗಂಟೆ ನೀನೇ ಹೊಡಿ! ಮನೇನೂ ನಿಮ್ದೇ! ಎಲ್ಲಾರೂ ಕೇಳಿಸ್ಕೊಳ್ಳಿ, ಇವನನ್ನ ಯಾರೂ ಬಿಡಿಸಲ್ಲ!"

ಏಣಿ ಇಳಿದ ಸಮಾಧಾನನ ಮುಖ ಸಪ್ಪಗಾಯ್ತು. ಕಣ್ಣಲ್ಲಿ ನೀರು. "ಮುಗೀತಾ ಯಜಮಾನ್ರೇ? ಇಷ್ಟೇನಾ? ಈಗ ತಾನೆ ಬಂದಿತ್ತು."

"ಮುಗೀತು! ಹಗ್ಗ ಹಿಡಿ! ಒಬ್ಬರೂ ಕೂತಿರಬಾರದು. ಎಲ್ಲಾರೂ ಎದ್ದು ಕೆಲಸಕ್ಕೆ ಹೋಗೋವರೆಗೂ ಹೊಡೀತಿರು!"

ಕಣ್ಣೊರೆಸಿಕೊಂಡು ಹಗ್ಗ ಹಿಡಿದ. ಢಣ್! ಢಣ್! ಆಳುಗಳು ಗೊಣಗುತ್ತಾ ಎದ್ದರು. ಹೆಂಗಸರು ಮನೆಗೆ ಹೋದರು. ಕುಡುಗೋಲು ಹೊಲ ಸೇರಿದವು. ಅಂಗಳ ಖಾಲಿ ಆಯ್ತು. ಗಂಟೆ ಮಾತ್ರ ನಿಲ್ಲಲಿಲ್ಲ.

ಎಲೀಷಪ್ಪ ಕಿವಿ ಮುಚ್ಕೊಂಡು ಹೊಲದಿಂದ ವಾಪಸ್ ಬಂದ. "ಸಾಕು ಕಣೋ! ಎಲ್ಲಾರೂ ಹೋದರಲ್ಲ!"

"ಇಲ್ಲ ಯಜಮಾನ್ರೇ. ಇನ್ನೂ ಒಬ್ಬರು ಕೂತವ್ರೆ."

ತಿರುಗಿ ನೋಡಿದ್ರೆ ಮೆಟ್ಟಿಲ ಮೇಲೆ ಮಾರ್ತಮ್ಮ.

"ಏಳಮ್ಮ ತಾಯಿ, ಕಿವಿ ಹೋಗ್ತಿದೆ."

"ಮನೆ ನಮ್ದೇ ಅಂದ್ರಲ್ಲ ಯಜಮಾನ್ರೇ?"

"ನಿಮ್ದೇ ಕಣಮ್ಮ. ಊರ ಮುಂದೆ ಹೇಳಿದ್ದೀನಲ್ಲ."

"ಹಾಗಾದ್ರೆ ಇನ್ನೊಂದು ಸ್ವಲ್ಪ ಕೂತಿರ್ತೀನಿ," ಅಂದಳು ಮಾರ್ತಮ್ಮ.

ಹೊತ್ತು ಮುಳುಗೋವರೆಗೂ ಕೂತಳು. ಹೊತ್ತು ಮುಳುಗೋವರೆಗೂ ಮಗ ಗಂಟೆ ಹೊಡೆದ. ಮೂರೂರ ಜನ ಏನಾಯ್ತೋ ಏನೋ ಅಂತ ಓಡಿಬಂದು ಕೇಳಿದರು.

"ಏನೂ ಆಗಿಲ್ಲ ಹೋಗ್ರಯ್ಯಾ," ಅಂದ ಎಲೀಷಪ್ಪ. "ಮಾರ್ತಮ್ಮ ಕೂತವ್ಳೆ, ಅಷ್ಟೇ."