ಮುನಿಸಿಕೊಂಡ ಹೂವು

ಶಿಷ್ಯ ಕೇಳಿದ: "ಗುರುಗಳೇ, ನಾನು ಗ್ರಂಥ ನೋಡಿ ಬರೆದ ಪ್ರತಿಯನ್ನು ಕಂಡವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ನೀವು ಮಾತ್ರ ಪ್ರತಿಸಲವೂ ಒಂದಲ್ಲ ಒಂದು ತಪ್ಪು ಎತ್ತಿ ತೋರಿಸುತ್ತೀರಿ. ನನ್ನ ಮೇಲೆ ನಿಮಗೆ ಪ್ರೀತಿ ಇಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಹೊಲಿಗೆಯವಳಿದ್ದಳು. ದಿಂಬಿನ ಗವಸು ಹೊಲಿಯುವುದು ಅವಳ ಕಸುಬು. ಬಣ್ಣದ ದಾರವಿಲ್ಲ, ಮಣಿಯಿಲ್ಲ, ಕನ್ನಡಿ ಚೂರಿಲ್ಲ, ಬರೀ ನೆರಿಗೆ. ಬಟ್ಟೆಯ ಹಿಂಬದಿಗೆ ಸಾಲಾಗಿ ಚುಕ್ಕಿ ಇಡುವಳು. ಎರಡೆರಡು ಚುಕ್ಕಿಯನ್ನು ಸೂಜಿಯಲ್ಲಿ ಎತ್ತಿ, ದಾರ ಎಳೆದು ಗಂಟು ಹಾಕುವಳು. ನೂರಾರು ಗಂಟು ಬಿದ್ದ ಮೇಲೆ ಎರಡು ಮೊಳದ ಬಟ್ಟೆ ಒಂದು ಮೊಳಕ್ಕೆ ಕುಗ್ಗುವುದು. ಆಗ ಮಗುಚಿ ನೋಡಿದರೆ ಮುಂಬದಿಯ ತುಂಬ ಮಡಿಕೆಯ ಹೂವುಗಳು, ಎಲ್ಲವೂ ಎಡಕ್ಕೇ ಮುಖ ಮಾಡಿ ಅರಳಿರುತ್ತಿದ್ದವು.

ಕೊಳ್ಳಲು ಬಂದವರು "ಚೆನ್ನಾಗಿದೆ" ಎನ್ನುವರು, ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋಗುವರು. ಮೊದಮೊದಲು ಆ ಮಾತು ಕೇಳಿದ ದಿನವೇ ಅವಳಿಗೆ ಹಬ್ಬ. ವರ್ಷ ಕಳೆದ ಹಾಗೆ ಅದು ಸಪ್ಪೆಯಾಯಿತು.

ಒಂದು ದಿನ ಗವಸು ಮುಗಿಸಿ ಮಗುಚಿದಾಗ ಒಂದು ಹೂವು ಬಲಕ್ಕೆ ತಿರುಗಿತ್ತು. ಗಂಟು ಬಿಚ್ಚಲೆಂದು ಕತ್ತರಿ ತೆಗೆದುಕೊಂಡವಳು ಹಾಗೆಯೇ ಕೆಳಗಿಟ್ಟಳು. "ಯಾರು ನೋಡುತ್ತಾರೆ?" ಎಂದುಕೊಂಡಳು. ಗವಸಿಗೆ ದಿಂಬು ತುಂಬಿ, ಯಾರಾದರೂ ಕಂಡುಹಿಡಿಯುವರೇ ನೋಡೋಣವೆಂದು ಅಂಗಡಿಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಳು. ಮೂರು ದಿನ ಕಳೆಯಿತು. ಬಂದವರೆಲ್ಲ ಅದನ್ನು ಕಂಡು ಚೆನ್ನಾಗಿದೆ ಎಂದರು. ಅವಳ ಮನಸ್ಸು ಮುರಿಯಿತು. ನಾಳೆಯಿಂದ ಅಚ್ಚಿನ ಬಟ್ಟೆ ತಂದು ಯಂತ್ರದಲ್ಲಿ ಹೊಲಿದರಾಯಿತು, ಈ ಗಂಟಿನ ಗೊಡವೆಯೇ ಬೇಡ ಎಂದು ನಿಶ್ಚಯಿಸಿದಳು.

ಅದೇ ಮಧ್ಯಾಹ್ನ ಒಬ್ಬ ಮುದುಕಿ ಸೊಸೆಯ ಕೈ ಹಿಡಿದು ಅಂಗಡಿಗೆ ಬಂದಳು. ಅವಳ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಬಿಸಿಲಿಗೆ ಬಳಲಿದ್ದಳು. ಹೊಲಿಗೆಯವಳು ಕುಡಿಯಲು ನೀರು ಕೊಟ್ಟು, ಕೈಗೆ ಸಿಕ್ಕ ಆ ದಿಂಬನ್ನೇ ಬೆನ್ನಿಗೆ ಇಟ್ಟಳು. ನೆರಿಗೆ ಬೆರಳಿಗೆ ತಗುಲಿದ್ದೇ ತಡ, ಮುದುಕಿ ದಿಂಬನ್ನು ಮಡಿಲಿಗೆ ಎಳೆದುಕೊಂಡಳು. ಒಂದೊಂದೇ ಹೂವನ್ನು ಸವರುತ್ತ ಸಾಲಿನಿಂದ ಸಾಲಿಗೆ ಇಳಿದಳು.

"ಹೊತ್ತಾಯಿತು, ಅತ್ತೆ," ಎಂದಳು ಸೊಸೆ.

"ಇರೇ, ಇನ್ನೂ ನಾಲ್ಕು ಸಾಲಿದೆ."

ಹೊಲಿಗೆಯವಳು ಕೈಕೆಲಸ ಬಿಟ್ಟು ನೋಡುತ್ತಿದ್ದಳು. ಮುದುಕಿಯ ಬೆರಳು ನಿಂತಿತು.

"ಮಗಳೇ, ಇದಕ್ಕೇನಾಯಿತು? ಇದೊಂದೇ ಆಚೆಗೆ ಮುಖ ಮಾಡಿ ಮುನಿಸಿಕೊಂಡು ಕೂತಿದೆಯಲ್ಲ!"

ಹೊಲಿಗೆಯವಳು ನಾಚಿಕೆಯಿಂದ ತಲೆ ತಗ್ಗಿಸಿದಳು. ಮರುಕ್ಷಣವೇ ಎಲ್ಲಿತ್ತೋ ಆ ನಗು, ಉಕ್ಕಿ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುದುಕಿಯ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ಗೊತ್ತಿದ್ದೂ ಬಿಟ್ಟಿದ್ದೆ, ಅಜ್ಜಿ. ಈಗಲೇ ಬಿಚ್ಚಿ ಕಟ್ಟುತ್ತೇನೆ."

"ಕಟ್ಟು. ನಾನೆಲ್ಲಿಗೂ ಹೋಗುವುದಿಲ್ಲ," ಎಂದು ಮುದುಕಿ ಕಾಲು ನೀಡಿ ಕೂತಳು.

ಹೊಲಿಗೆಯವಳು ಗವಸು ಕಳಚಿ, ಗಂಟು ಕತ್ತರಿಸಿ, ಮತ್ತೆ ಎರಡು ಚುಕ್ಕಿ ಎತ್ತಿ ಎಳೆದು ಕಟ್ಟಿದಳು. ಮುದುಕಿ ಮೊದಲ ಸಾಲಿನಿಂದ ಮತ್ತೊಮ್ಮೆ ಸವರಿಕೊಂಡು ಬಂದಳು. "ಈಗ ರಾಜಿಯಾಯಿತು," ಎಂದಳು. ಆ ದಿಂಬನ್ನು ಅವಳ ಮಡಿಲಿನಿಂದ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಅದು ಅವಳ ಜೊತೆಗೇ ಹೋಯಿತು. ಅತ್ತೆ ಸೊಸೆ ಬೀದಿ ದಾಟುವಷ್ಟರಲ್ಲಿ ಹೊಲಿಗೆಯವಳು ಹಾಡು ಗುನುಗುತ್ತ ಹೊಸ ಬಟ್ಟೆಗೆ ಚುಕ್ಕಿ ಇಡುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

"ಅಲ್ಲ ಗುರುಗಳೇ, ತಪ್ಪು ಹಿಡಿದವಳ ಮೇಲೆ ಅವಳಿಗೆ ಸಿಟ್ಟೇ ಬರಲಿಲ್ಲವೇ?" ಎಂದ ಶಿಷ್ಯ.

ಗುರುಗಳು ಹೇಳಿದರು: "ಆ ಒಂದು ಹೂವು ಸಿಗುವ ಮೊದಲು ಮುದುಕಿ ಎಷ್ಟು ಹೂವು ಮುಟ್ಟಿರಬೇಕು, ಮಗು?"