ಮಂಡಕ್ಕಿಗೆ ಮುಳ್ಳಜ್ಜಿ ಕಲಿಸಿದ್ದು

ಒಂದು ಕಾಡಿನಲ್ಲಿ ಒಂದು ಮುದಿ ಮುಳ್ಳುಹಂದಿ ಇತ್ತು. ಕಾಡು ಎಂದರೆ ಆನೆ, ಹುಲಿ ಓಡಾಡುವ ದೊಡ್ಡ ಕಾಡಲ್ಲ. ಬಂಡೆಗಳು, ಬಂದ್ರೆ ಎಂಬ ಕುರುಚಲು ಗಿಡಗಳು, ಲಂಟಾನದ ಪೊದೆಗಳು, ಅಷ್ಟೇ. ಆದರೂ ಅಲ್ಲಿ ಇದ್ದವರಿಗೆ ಅದೇ ದೊಡ್ಡ ಕಾಡು. ಆ ಮುಳ್ಳುಹಂದಿಯನ್ನು ಎಲ್ಲರೂ ಮುಳ್ಳಜ್ಜಿ ಎಂದು ಕರೆಯುತ್ತಿದ್ದರು. ಕರೆಯುವುದೂ ದೂರದಿಂದಲೇ. ಸಿಟ್ಟು ಬಂದರೆ ಅವಳು ಮುಳ್ಳನ್ನು ಬಾಣದ ಹಾಗೆ ಎಸೆಯುತ್ತಾಳೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಅದು ಶುದ್ಧ ಸುಳ್ಳು. ಆದರೆ ಹತ್ತಿರ ಬಂದು ಪರೀಕ್ಷೆ ಮಾಡುವ ಧೈರ್ಯ ಯಾರಿಗಿತ್ತು?

ಮುಳ್ಳಜ್ಜಿಗೆ ಮರಿಗಳಾಗಿರಲಿಲ್ಲ. ಅವಳ ಬೆನ್ನ ತುಂಬ ಮುಳ್ಳಿತ್ತು ನಿಜ. ಕೊರಳ ಕೆಳಗೆ, ಎದೆಯ ಹತ್ತಿರ ಮಾತ್ರ ಬರೀ ಕೂದಲಿತ್ತು, ಚುಚ್ಚುತ್ತಿರಲಿಲ್ಲ. ಅಲ್ಲಿ ಒಂದು ಮರಿ ಹಾಯಾಗಿ ಮಲಗಬಹುದಿತ್ತು. ಮೊಲದ ಮರಿಗಳು ತಾಯಿಗೆ ಒತ್ತಿಕೊಂಡು ಮಲಗಿದ್ದನ್ನು ಕಂಡಾಗಲೆಲ್ಲ ಅವಳ ಕಣ್ಣು ಅಲ್ಲೇ ನೆಟ್ಟುಬಿಡುತ್ತಿತ್ತು. 'ನನಗೂ ಒಂದು ಜೀವ ಜೊತೆಗಿರಬಾರದೇ ದೇವರೇ' ಎಂದು ನಿಟ್ಟುಸಿರು ಬಿಡುತ್ತಿದ್ದಳು. ಆಮೇಲೆ ಗೆಣಸು ಅಗೆಯಲು ಒಬ್ಬಳೇ ಹೋಗುತ್ತಿದ್ದಳು.

ಒಂದು ಸಂಜೆ ಅವಳು ಬಿಲದಿಂದ ತಲೆ ಹೊರಗೆ ಹಾಕಿದಾಗ ಎದುರಿಗೇ ಬೆಳ್ಳಗಿನದೇನೋ ಮುದುಡಿ ಕೂತಿತ್ತು. ಕುಂಯ್ ಕುಂಯ್ ಎಂದು ಅಳುತ್ತಿತ್ತು.

"ಯಾರೋ ನೀನು? ಮೊಲದ ಮರಿಯಾ?" ಎಂದು ಕೇಳಿದಳು ಮುಳ್ಳಜ್ಜಿ.

"ಮೊಲ ಅಲ್ಲ, ನಾಯಿ!" ಅಳುತ್ತಲೇ ಅದಕ್ಕೆ ರೋಷ ಬಂತು. "ಪಾಮೇರಿಯನ್ ನಾಯಿ. ನಮ್ಮ ಜಾತೀಲಿ ಬೆಳೆಯೋದೇ ಇಷ್ಟು. ನನ್ನ ಹೆಸರು ಮಂಡಕ್ಕಿ."

"ಮತ್ತೆ ಊರು ಬಿಟ್ಟು ಇಲ್ಯಾಕೆ ಬಂದೆ ಮಂಡಕ್ಕಿ?"

"ಕಾಡಿನ ಗೇಟು ಕಾಯ್ತಾಳಲ್ಲ ಹಾಲಮ್ಮ, ಅವಳ ಮನೆ ನಮ್ದು. ನಾನು ಕಂಡ ಕಂಡಲ್ಲಿ ಉಚ್ಚೆ ಹೊಯ್ತೀನಂತೆ. ಇವತ್ತು ಅವಳ ಹೊಸ ಕೌದಿ ಮೇಲೇ ಹೊಯ್ದುಬಿಟ್ಟೆ. 'ಒಳ್ಳೇ ಅಭ್ಯಾಸ ಕಲಿತ್ಕಂಡು ಬಾ, ಹೋಗು' ಅಂತ ಹೊರಗೆ ಹಾಕಿದ್ಲು. ಅದಕ್ಕೇ ಕಲಿಯೋಕೆ ಬಂದೆ. ಅಜ್ಜಿ, ಕಾಡಲ್ಲಿ ಅದನ್ನ ಯಾರು ಕಲಿಸ್ತಾರೆ?"

ಮುಳ್ಳಜ್ಜಿಗೆ ನಗು ಬಂತು. ಆದರೆ ನಗುವುದನ್ನು ಬಿಟ್ಟು ಮರಿಯನ್ನೇ ನೋಡಿದಳು. ಇಷ್ಟು ಹತ್ತಿರ ನಿಂತು ಅವಳನ್ನು ಅಜ್ಜಿ ಎಂದು ಯಾರೂ ಕರೆದಿರಲಿಲ್ಲ.

"ಮೊದಲು ಒಳಗೆ ಬಾ ಮಗಾ. ಕಲಿಯೋದು ನಾಳೆ" ಎಂದಳು.

ಮುಳ್ಳನ್ನೆಲ್ಲ ಬೆನ್ನಿಗೆ ಒತ್ತಿ ಮಲಗಿಸಿಕೊಂಡು, ಉಸಿರು ಬಿಗಿಹಿಡಿದು ಅವಳು ಒರಗಿದಳು. ಮಂಡಕ್ಕಿ ಹಿಂದೆ ಮುಂದೆ ನೋಡದೆ ಅವಳ ಕೊರಳಡಿ ನುಗ್ಗಿ ಮಲಗಿಬಿಟ್ಟ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಹೆಂಗಸಿನ ದನಿ ಕೇಳಿತು. "ಮಂಡಕ್ಕೀ... ಎಲ್ಲೋದ್ಯೋ... ಬಾರೋ..." ಮರಿಗೆ ನಿದ್ದೆ. ಮುಳ್ಳಜ್ಜಿಗೆ ಮಾತ್ರ ಚೆನ್ನಾಗಿ ಕೇಳಿಸಿತು. ಅವಳು ಮರಿಯನ್ನು ಎಬ್ಬಿಸಲಿಲ್ಲ.

ಬೆಳಗ್ಗೆ ಎದ್ದವನೇ ಮಂಡಕ್ಕಿ ಕೇಳಿದ. "ಅಜ್ಜಿ, ಒಳ್ಳೇ ಅಭ್ಯಾಸ ನಿಂಗೆ ಗೊತ್ತಾ?"

ಗೊತ್ತಿಲ್ಲದೆ ಏನು! ಅವಳ ಬಿಲ ಕಾಡಿಗೇ ಅಚ್ಚುಕಟ್ಟು. ಆದರೆ ಕಲಿಸಿದರೆ ಇವನು ಮನೆಗೆ ಹೋಗುತ್ತಾನೆ. ಹೋದರೆ ಮತ್ತೆ ಬಿಲದಲ್ಲಿ ಅವಳೊಬ್ಬಳೇ. ಕಲಿಸದಿದ್ದರೆ? ತಪ್ಪು ಕಲಿಸಿದರೆ? ಮನೆಯವರೇ ಓಡಿಸುತ್ತಾರೆ, ತಾನೇ ತಾನಾಗಿ ಇಲ್ಲಿಗೇ ಬರುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಒಳ್ಳೆಯವಳಾದ ಮುಳ್ಳಜ್ಜಿಗೆ ಆ ಕ್ಷಣ ಅಂಥ ಬುದ್ಧಿ ಬಂತು, ಏನು ಮಾಡೋಣ? ಆಸೆ ಅಷ್ಟು ದೊಡ್ಡದಿತ್ತು.

"ಗೊತ್ತು ಮಗಾ. ಸುಲಭದ ಗುಟ್ಟು" ಎಂದಳು. "ಮನೆಯೊಳಗೇ ಮೂಲೆ ನೋಡು, ಕತ್ತಲೆ ನೋಡು. ಯಾರೂ ಇಲ್ಲದಾಗ ಮುಗಿಸು. ಆಮೇಲೆ ಏನಾದ್ರೂ ಎಳೆದು ಮುಚ್ಚು. ಕಣ್ಣಿಗೆ ಬೀಳದಿದ್ರೆ ಆಯ್ತು, ಅದೇ ಒಳ್ಳೇ ಅಭ್ಯಾಸ."

"ಇಷ್ಟೇನಾ!" ಮಂಡಕ್ಕಿ ಕುಣಿದಾಡಿದ. ಅವಳ ಮೂಗು ನೆಕ್ಕಿದ. ಬಾಲ ಎತ್ತಿಕೊಂಡು ಮನೆಯ ಕಡೆ ಓಡಿದ.

ಮುಳ್ಳಜ್ಜಿ ಹೊಸ ಹುಲ್ಲು ತಂದು ಬಿಲದಲ್ಲಿ ಮೆತ್ತಗೆ ಹಾಸಿದಳು. ಕಾಯುತ್ತ ಕೂತಳು.

ಕೆಲವು ದಿನ ಕಳೆದ ಮೇಲೆ ಮುಂಗುಸಿ ಬಂದ. ಊರ ಹಿತ್ತಲುಗಳ ಸುದ್ದಿಯೆಲ್ಲ ಅವನ ಬಾಯಲ್ಲೇ ಇರುತ್ತಿತ್ತು. ಅವನೂ ದೂರದಲ್ಲೇ ನಿಂತ.

"ಮುಳ್ಳಜ್ಜಿ, ಗೊತ್ತಾಯ್ತಾ? ಆ ಬಿಳಿ ಮರಿಗೆ ಪೊರಕೆ ಪೂಜೆ ಆಯ್ತು. ಜೋಳದ ಚೀಲದ ಹಿಂದೆ, ಮಂಚದ ಕೆಳಗೆ, ಎಲ್ಲಾ ಕಡೆ ಮಾಡಿ ಮಾಡಿ ಬಟ್ಟೆ ಮುಚ್ಚಿಟ್ಟಿತ್ತಂತೆ. ಹಾಲಮ್ಮ ಮೂಗು ಮುಚ್ಕಂಡು ಮನೆಯೆಲ್ಲ ಹುಡುಕಿದ್ಲು. ಹೊರಗೆ ಹಾಕಿ ಬಾಗಿಲು ಬಡಿದುಕೊಂಡ್ಲು. ಈ ಸಲ ಕರೀಲೂ ಇಲ್ಲ. ಆದರೆ ಆಮೇಲೆ ಹಿತ್ತಲ ಕಟ್ಟೆ ಮೇಲೆ ಕೂತು ಸೆರಗಲ್ಲಿ ಕಣ್ಣು ಒರೆಸ್ಕಂತಿದ್ಲು, ನಾನೇ ನೋಡಿದೆ."

"ಹೌದಾ" ಎಂದಳು ಮುಳ್ಳಜ್ಜಿ. ಹಾಸಿದ ಹುಲ್ಲನ್ನು ಮತ್ತೊಮ್ಮೆ ಸರಿಮಾಡಿದಳು.

"ಯಾವ ಪುಣ್ಯಾತ್ಮರು ಕಲಿಸಿದ್ರೋ ಅಂಥ ಬುದ್ಧೀನ" ಎಂದು ಮುಂಗುಸಿ ಹೊರಟುಹೋದ.

ಸಂಜೆಗೆ ಮಂಡಕ್ಕಿ ಬಂದ. ಅವಳು ನೆನೆಸಿದ ಹಾಗೆಯೇ ಬಂದ. ಆದರೆ ಅವಳು ನೆನೆಸಿದ ಮಂಡಕ್ಕಿಯಲ್ಲ ಅವನು. "ಬಾ ಮಗಾ" ಎಂದು ಅವಳು ಹತ್ತಿರ ಹೋದರೆ ಹೊಟ್ಟೆ ನೆಲಕ್ಕೆ ಒತ್ತಿ, ಕಿವಿ ಮಡಚಿ, ಇದ್ದಲ್ಲೇ ಹೆದರಿ ಉಚ್ಚೆ ಹೊಯ್ದ. ಹೊಯ್ದದ್ದೇ ತಡ, ಅವಳು ಹಾಸಿದ ಹುಲ್ಲನ್ನು ಎಳೆದು ಮುಚ್ಚತೊಡಗಿದ. ಕೊರಳಡಿಗೆ ಬರಲಿಲ್ಲ. ಬಿಲದ ಕಟ್ಟಕಡೆಯ ಮೂಲೆಗೆ ಸರಿದು, ಗೋಡೆಗೆ ಮುಖ ಮಾಡಿ ಮಲಗಿದ. ಗೆಣಸು ಇಟ್ಟರೆ ಅವಳು ಆಚೆ ಹೋಗುವವರೆಗೂ ಮುಟ್ಟುತ್ತಿರಲಿಲ್ಲ. ದಿನದಿನವೂ ಹಾಸಿನ ಅಡಿಯಲ್ಲಿ, ಮೂಲೆಗಳಲ್ಲಿ ಬಚ್ಚಿಟ್ಟ ಗಲೀಜು. ಕಾಡಿಗೇ ಅಚ್ಚುಕಟ್ಟಾದ ಬಿಲದಲ್ಲಿ ಉಸಿರಾಡಲು ಆಗದಾಯಿತು.

ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನೆ ಹೇಳಿದ್ದಾರೆಯೇ? ಬಚ್ಚಿಡುವುದನ್ನು ಕಲಿಸಿದ್ದು ಅವಳೇ. ಈಗ ಅವನು ಅವಳಿಂದಲೇ ಬಚ್ಚಿಟ್ಟುಕೊಂಡಿದ್ದ. ಹಿಂದೆ ಒಬ್ಬಳೇ ಇದ್ದಾಗಲೂ ಮುಳ್ಳಜ್ಜಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಒಂದು ಬೆಳಗ್ಗೆ ಅವನು ಬಿಲದ ಬಾಯಲ್ಲಿ ಕೂತು ಮನೆಯ ದಿಕ್ಕಿಗೆ ನೋಡುತ್ತಿದ್ದ. ಬರೀ ನೋಡುತ್ತಿದ್ದ, ಅಳುತ್ತಲೂ ಇರಲಿಲ್ಲ. ಆ ನೋಟ ಅವಳಿಗೆ ಗೊತ್ತಿತ್ತು. ಮೊಲದ ಮರಿಗಳನ್ನು ತಾನು ನೋಡುತ್ತಿದ್ದದ್ದೂ ಹಾಗೆಯೇ. ಅವಳಿಗೆ ತಡೆಯಲಾಗಲಿಲ್ಲ.

"ಮಂಡಕ್ಕಿ, ನಾನು ಕಲಿಸಿದ್ದು ತಪ್ಪು" ಎಂದಳು. "ತಪ್ಪು ಅಂತ ಗೊತ್ತಿದ್ದೇ ಕಲಿಸಿದೆ. ನೀನು ಇಲ್ಲೇ ಇರ್ಲಿ ಅಂತ."

ಮರಿ ತಿರುಗಿ ನೋಡಿತು. "ಹಂಗಾದ್ರೆ ಸರಿಯಾದ್ದು ಗೊತ್ತಾ ನಿಂಗೆ?"

"ಗೊತ್ತು."

"ಕಲಿಸ್ತೀಯಾ?"

"ಕಲಿಸ್ತೀನಿ ಮಗಾ."

ಅವತ್ತಿನಿಂದ ಪಾಠ ಶುರುವಾಯಿತು. ಮಂಡಕ್ಕಿ ನಿದ್ದೆಯಿಂದ ಎದ್ದ ಕೂಡಲೇ ಹೊರಗೆ. ತಿಂದ ಕೂಡಲೇ ಹೊರಗೆ. ಆಡಿ ದಣಿದ ಕೂಡಲೇ ಹೊರಗೆ. ಸಣ್ಣ ಜಾತಿಯ ಮರಿಗೆ ಹೊಟ್ಟೆಯೂ ಸಣ್ಣದು, ಬೇಗ ತುಂಬುತ್ತದೆ ಎಂಬುದು ಅವಳಿಗೆ ಎರಡೇ ದಿನಕ್ಕೆ ತಿಳಿಯಿತು. ಹೋಗುವುದು ಪ್ರತಿ ಸಲವೂ ಅದೇ ಬಂದ್ರೆ ಗಿಡದ ಬುಡಕ್ಕೆ. ಅಲ್ಲಿ ಅವಳು ಮಾತಾಡದೆ ನಿಲ್ಲುತ್ತಿದ್ದಳು. ಅವನು ಚಿಟ್ಟೆ ನೋಡುತ್ತಿದ್ದ, ಇರುವೆ ಮೂಸುತ್ತಿದ್ದ. ಅವಳು ಕಾಯುತ್ತಿದ್ದಳು. ಕೆಲಸ ಆದ ತಕ್ಷಣ "ಭೇಷ್ ಮಗಾ!" ಎಂದು ಒಂದು ಚೂರು ಗೆಣಸು ಬಾಯಿಗಿಡುತ್ತಿದ್ದಳು. ಆಮೇಲೆ ಕೊಡೋಣ ಎಂದು ತಡ ಮಾಡುತ್ತಿರಲಿಲ್ಲ. ತಡವಾದರೆ ಯಾತಕ್ಕೆ ಸಿಕ್ಕಿತು ಎಂದು ಮರಿಗೆ ಹೇಗೆ ತಿಳಿಯಬೇಕು?

ಒಂದೊಂದು ಸಲ ಬಿಲದೊಳಗೇ ಆಗಿಬಿಡುತ್ತಿತ್ತು. ಮಂಡಕ್ಕಿ ನಡುಗುತ್ತ ಮೂಲೆಗೆ ಓಡುತ್ತಿದ್ದ. ಮುಳ್ಳಜ್ಜಿ ಬೈಯುತ್ತಿರಲಿಲ್ಲ. ಮಣ್ಣು ಕೆರೆದು ಹೊರಗೆ ಹಾಕಿ, "ನಂದೇ ತಪ್ಪು, ನಿನ್ನ ಬೇಗ ಕರ್ಕಂಡು ಹೋಗ್ಬೇಕಿತ್ತು" ಎನ್ನುತ್ತಿದ್ದಳು. ನಡುಕ ಕಡಿಮೆಯಾಯಿತು. ಒಂದು ಸಂಜೆ ಮಂಡಕ್ಕಿ ತಾನೇ ಬಂದು ಅವಳ ಕೊರಳಡಿ ನುಗ್ಗಿ ಮಲಗಿದ. ಅಂದು ಅವಳು ಗೆಣಸಿಗೂ ಹೋಗಲಿಲ್ಲ.

ಇನ್ನು ಒಂದೇ ಪಾಠ ಉಳಿದಿತ್ತು. ಮನೆಗೆ ಬಾಗಿಲಿರುತ್ತದೆ, ಬಿಲಕ್ಕೆ ಇರುವುದಿಲ್ಲ. ಬಾಗಿಲು ಮುಚ್ಚಿದ್ದರೆ ಹೇಗೆ ಕೇಳಬೇಕು ಎಂದು ಅವನಿಗೆ ತಿಳಿದಿರಲಿಲ್ಲ. ಅದೊಂದನ್ನು ಹೇಳದೆ ಬಿಟ್ಟರೆ? ಆಸೆ ಮತ್ತೆ ಬಂದು ಕಿವಿಯಲ್ಲಿ ಪಿಸುಗುಟ್ಟಿತು. ಈ ಸಲ ಅವಳು ಕಿವಿಗೊಡಲಿಲ್ಲ. ಬಿಲದ ಬಾಯಿಗೆ ಒಂದು ಒಣ ಮರದ ತುಂಡನ್ನು ಅಡ್ಡ ಉರುಳಿಸಿದಳು.

"ಹೊರಗೆ ಹೋಗ್ಬೇಕು ಅನ್ನಿಸಿದ್ರೆ ಇದನ್ನ ಕೆರಿ. ನಾನು ತೆಗೀತೀನಿ."

ಮಂಡಕ್ಕಿ ಕೆರೆದ. ಅವಳು ಸರಿಸಿದಳು. ಕೆರೆದ, ಸರಿಸಿದಳು. ಅವನು ಕಲಿತುಬಿಟ್ಟ. ಜಾಣ ಮರಿ.

ಮಾರನೆಯ ಸಂಜೆ ಇಬ್ಬರೂ ಹಾಲಮ್ಮನ ಹಿತ್ತಲ ಬೇಲಿಯವರೆಗೆ ಬಂದರು. ಬೇಲಿಯ ಹತ್ತಿರ ಮಂಡಕ್ಕಿ ನಿಂತುಬಿಟ್ಟ.

"ನೀನೂ ಬಾ ಅಜ್ಜಿ. ನಿಂಗೂ ಒಳ್ಳೇ ಅಭ್ಯಾಸ ಐತಲ್ಲ. ಹಾಲಮ್ಮ ಇಟ್ಕಂತಾಳೆ."

"ನನ್ನ ಮುಳ್ಳು ಅವಳ ಕೌದಿಗೆ ಆಗಿಬರಲ್ಲ ಮಗಾ. ನೀನು ಹೋಗು. ಹೋಗು ಅಂದ್ನಲ್ಲ!"

ಮಂಡಕ್ಕಿ ಹೋದ. ಹಾಲಮ್ಮ ಪಾತ್ರೆ ತೊಳೆಯುತ್ತಿದ್ದಳು. "ಮತ್ತೆ ಬಂದ್ಯಾ ಕಳ್ಳ?" ಎಂದು ಗದರಿದಳು. ಗದರುತ್ತಲೇ ಒದ್ದೆ ಕೈಯಲ್ಲಿ ಎತ್ತಿಕೊಂಡು ಎದೆಗೆ ಅವುಚಿಕೊಂಡಳು. "ಎಷ್ಟು ಸೊರಗಿದ್ದೀಯೋ ನನ್ನಪ್ಪ. ಇದೊಂದು ಸಲ ನೋಡ್ತೀನಿ. ಮತ್ತೆ ಹೊಲಸು ಮಾಡಿದ್ಯೋ, ಪ್ಯಾಟೆಯೋರಿಗೆ ಕೊಟ್ಟುಬಿಡ್ತೀನಿ ನೋಡು." ಒಳಗೆ ಹೋದಳು. ಬಾಗಿಲು ಮುಚ್ಚಿತು.

ಮುಳ್ಳಜ್ಜಿ ಹೋಗಲಿಲ್ಲ. ಬೇಲಿಯ ಹಿಂದೆ ಕಿವಿ ನೆಟ್ಟು ಕೂತಳು. ಒಳಗಿನ ಒಂದೊಂದು ಸದ್ದೂ ಅವಳಿಗೆ ಕೇಳುತ್ತಿತ್ತು. ತಟ್ಟೆಯ ಸದ್ದು. ಹಾಲು ನೆಕ್ಕುವ ಸದ್ದು. ಈಗ ಹೊಟ್ಟೆ ತುಂಬಿತು. ಈಗ ಅವನನ್ನು ಹೊರಗೆ ತರಬೇಕು. ಇಲ್ಲದಿದ್ದರೆ ಜೋಳದ ಚೀಲದ ಹಿಂದೆ ಹೋಗುತ್ತಾನೆ, ಎಲ್ಲ ಮುಗಿಯುತ್ತದೆ. ಮುಳ್ಳಜ್ಜಿಯ ಮುಳ್ಳುಗಳು ತಾವಾಗಿ ಗಲಗಲ ಎಂದವು.

ಅಷ್ಟರಲ್ಲಿ ಬಾಗಿಲ ಒಳಗಡೆಯಿಂದ ಸದ್ದು ಬಂತು. ಕರ್, ಕರ್, ಕರ್.

ನಾವು ನೀವು ನಗಬಾರದು. ಆ ಕ್ಷಣ ಮುಳ್ಳಜ್ಜಿ ತಾನು ಕಲಿಸಿದ ಪಾಠವನ್ನೆಲ್ಲ ಮರೆತಳು. 'ನನ್ನ ಹತ್ತಿರ ಬರೋಕೆ ಕೆರೀತಿದ್ದಾನೆ! ನನ್ನ ಬಿಟ್ಟಿರೋಕೆ ಆಗ್ತಿಲ್ಲ ಅವನಿಗೆ!' ಎಂದುಕೊಂಡಳು. ಬೇಲಿಯ ಸಂದಿಗೆ ಕೊರಳು ಚಾಚಿ, ಬೆನ್ನ ಮುಳ್ಳನ್ನೆಲ್ಲ ಮೆತ್ತಗೆ ಮಲಗಿಸಿಕೊಂಡು ನಿಂತಳು.

ಬಾಗಿಲು ತೆರೆಯಿತು. ಮಂಡಕ್ಕಿ ನೇರ ಬೇಲಿಯ ಕಡೆಗೇ ಓಡಿಬಂದ. ಅವಳ ಮೂಗಿನ ಮುಂದೆಯೇ ನಿಂತ. ಅಲ್ಲೊಂದು ಗಿಡದ ಬುಡ ಮೂಸಿದ, ಒಂದು ಸುತ್ತು ತಿರುಗಿದ, ಚೊಕ್ಕವಾಗಿ ಉಚ್ಚೆ ಹೊಯ್ದ.

"ಅಯ್ಯೋ ನನ್ನ ಬಂಗಾರ! ಕೇಳಿಕೊಂಡು ಹೋಗೋದು ಕಲಿತ್ಯೇನೋ!" ಹಾಲಮ್ಮ ಬಾಗಿಲಲ್ಲೇ ಕೈ ಚಾಚಿದಳು. "ಬಾ, ಬಾ ಒಳಗೆ."

ಮಂಡಕ್ಕಿ ಅವಳ ಕಡೆಗೆ ಓಡಿದ. ಹಿಂದಿರುಗಿ ನೋಡಲಿಲ್ಲ. ಅಭ್ಯಾಸ ಚೆನ್ನಾಗಿ ಕೂತ ಮರಿ ಹಿಂದಿರುಗಿ ನೋಡುವುದಿಲ್ಲ.

"ಭೇಷ್ ಮಗಾ" ಎಂದಳು ಮುಳ್ಳಜ್ಜಿ ಬೇಲಿಯ ಹಿಂದಿನಿಂದ. ತಡ ಮಾಡದೆ, ತಕ್ಷಣವೇ ಹೇಳಿದಳು.

ನೀತಿ: ನಮ್ಮ ಹತ್ತಿರವೇ ಇರಲಿ ಎಂಬ ಆಸೆಗೆ ಯಾರಿಗೂ ತಪ್ಪು ಕಲಿಸಬಾರದು. ಹೆದರಿದವರು ಬಚ್ಚಿಡುವುದನ್ನು ಕಲಿಯುತ್ತಾರೆ, ಪ್ರೀತಿ ಕಂಡವರು ಒಳ್ಳೆಯದನ್ನು ಕಲಿಯುತ್ತಾರೆ.