ಗೆಜ್ಜೆ ಕಟ್ಟಿದ ತೋಪು

ಕಾರಹುಣ್ಣಿಮೆಯ ಮರುದಿನ ಮನೆ ಬಿಟ್ಟು ನಡೆದ ಮಾಲತೇಶ, ಮೂವತ್ತು ವರ್ಷ ಅಲೆದ ಮೇಲೆ, ಗವಿಯ ಅಜ್ಜನ ಮುಂದೆ ಕುಳಿತು ಕೇಳಿದ:

“ಅಜ್ಜಾರೆ, ಮಕ್ಕಳ ತೋಪಿಗೆ ಬೇಲಿ ಹಾಕಿಸಬೇಕೋ, ಬೇಡವೋ?”

ಅಜ್ಜ ಕೌದಿ ಹೊಲಿಯುತ್ತಿದ್ದರು. ಸೂಜಿಯಿಂದ ಕಣ್ಣು ತೆಗೆಯದೆ, “ಕೈಕಾಲು ತೊಳೆದುಕೋ ತಮ್ಮಾ. ಅಂಬಲಿ ಇದೆ” ಎಂದರು. ಅಷ್ಟೇ ಉತ್ತರ.

ಮನೆ ಬಿಟ್ಟ ದಿನ ಮಾಲತೇಶ ನಾಲ್ಕನೇ ಇಯತ್ತೆ. ಬೀದಿಯಲ್ಲಿ ಎತ್ತುಗಳು ಬಣ್ಣದ ಕೋಡು ಹೊತ್ತು ಹೋಗುತ್ತಿದ್ದವು. ಹುಡುಗರು ಅತ್ತ ನೋಡಿ ಮಗ್ಗಿ ತಪ್ಪುತ್ತಾರೆಂದು ಮಾಸ್ತರರು ಕಿಟಕಿ ಮುಚ್ಚಿಸಿದರು. ನೀರು ಕುಡಿದು ಬರುತ್ತೇನೆ ಎಂದು ಕೇಳಿ ಮಾಲತೇಶ ಹೊರಗೆ ಬಂದ. ಆ ನೀರು ಕುಡಿಯುವುದು ಇನ್ನೂ ಮುಗಿದಿರಲಿಲ್ಲ. ಕುರಿ ಹಿಂಡಿನ ಹಿಂದೆ ಹೋದ, ಲಾರಿ ತೊಳೆದ, ಕಾಲುವೆ ತೋಡಿದ. ಯಾವ ಊರಿನಲ್ಲೂ ಅವನ ಚಾಪೆ ಎರಡನೇ ಮಳೆಗಾಲ ಕಾಣಲಿಲ್ಲ.

ಕೊನೆಗೆ ಅವನ ಕಾಲು ಹಿಡಿದು ನಿಲ್ಲಿಸಿದ್ದು ಒಂದು ಮೆಣಸಿನಕಾಯಿ ಪೇಟೆ. ಅಲ್ಲಿ ಹೆಂಗಸರು ಬೆಳಗಿನಿಂದ ಬೈಗಿನವರೆಗೆ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮೂರು ನಾಲ್ಕು ವರ್ಷದ ಮಕ್ಕಳನ್ನು ಹಳೆಯ ಸೀರೆಯ ತುಂಡಿನಿಂದ ಕಂಬಕ್ಕೆ ಕಟ್ಟಿರುತ್ತಿದ್ದರು. ಮಕ್ಕಳು ಘಾಟಿಗೆ ಕೆಮ್ಮುತ್ತಿದ್ದವು. ಖಾರದ ಕೈಯಲ್ಲೇ ಕಣ್ಣು ಉಜ್ಜಿಕೊಂಡು ಚೀರುತ್ತಿದ್ದವು. ಮೂಟೆ ಹೊರಲು ಬಂದಿದ್ದ ಮಾಲತೇಶ ಒಂದು ದಿನ ಬೆನ್ನಿನ ಮೂಟೆ ಇಳಿಸಿದ. ಕಂಬದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ಹದಿನಾಲ್ಕು ಮಕ್ಕಳನ್ನು ಹಳ್ಳದ ದಂಡೆಯ ಹೊಂಗೆ ತೋಪಿಗೆ ಕರೆದುಕೊಂಡು ಹೋದ.

ಮರುದಿನವೂ ಹೋದ. ಹಾಗೇ ಒಂದು ವರ್ಷ ಕಳೆಯಿತು. ಮಕ್ಕಳು ಕೆಸರಿನಲ್ಲಿ ಊರು ಕಟ್ಟಿದವು. ಹೊಂಗೆಕಾಯಿ ಹಿಡಿದು ಎಣಿಸಲು ಕಲಿತವು. ಕೆಮ್ಮು ಮರೆತವು. ತಾಯಂದಿರು ಸರದಿ ಹಚ್ಚಿಕೊಂಡು ಅವನಿಗೆ ರೊಟ್ಟಿ ಕಟ್ಟಿ ಕೊಟ್ಟರು. “ಇಯತ್ತೆ ನಾಲ್ಕಾದರೂ ನಮ್ಮ ಪಾಲಿಗೆ ನೀನೇ ಹೆಡ್‌ಮಾಸ್ತರ” ಎಂದು ನಕ್ಕರು.

ಆಮೇಲೆ ಒಂದು ಮಗುವಿಗೆ ಚೇಳು ಕುಟುಕಿತು. ಮಗು ಉಳಿಯಿತು. ಆದರೆ ನಗು ಉಳಿಯಲಿಲ್ಲ. “ಬೇಲಿ ಹಾಕಿಸು ಮಾಲತೇಶಣ್ಣ. ಕಲ್ಲು ಹಾಸಿಸು. ಇಲ್ಲವಾದರೆ ನಮಗೆ ನಮ್ಮ ಕಂಬವೇ ವಾಸಿ” ಎಂದರು ತಾಯಂದಿರು. ಪೇಟೆಯ ಸಾಹುಕಾರ ತಂತಿ, ತಗಡು, ಬೀಗ ಎಲ್ಲ ತಾನೇ ಕೊಡುತ್ತೇನೆಂದ. ಬೇಡವೆಂದರೆ ಮಕ್ಕಳು ಕಂಬಕ್ಕೆ ಮರಳುತ್ತವೆ. ಹೂಂ ಎಂದರೆ ತೋಪು ಶಾಲೆಯ ಕೋಣೆಯಾಗುತ್ತದೆ. ಮಾಲತೇಶನಿಗೆ ಎರಡೂ ಗಂಟಲಲ್ಲಿ ಇಳಿಯಲಿಲ್ಲ. ಪೇಟೆಯ ಕಾವಲುಗಾರನಿಗೆ, “ಕಾಕಾ, ಎರಡು ದಿನ ಮಕ್ಕಳ ಮೇಲೆ ಒಂದು ಕಣ್ಣಿಟ್ಟಿರು” ಎಂದು ಹೇಳಿ, ದಾರಿ ತೋಚದವರು ಕೇಳಲು ಹೋಗುವ ಅಜ್ಜನ ಗವಿಯತ್ತ ಹೊರಟ.

ಗವಿಯಲ್ಲಿ ಅವನು ನೀರು ಹೊತ್ತ, ಅಂಗಳ ಗುಡಿಸಿದ, ಅಜ್ಜನ ಸೂಜಿಗೆ ದಾರ ಪೋಣಿಸಿ ಕೊಟ್ಟ. ಅಲ್ಲಿ ಯಾರೂ ಅವನ ಅಂಗಿ ಜಗ್ಗುತ್ತಿರಲಿಲ್ಲ. ಅದು ಅವನಿಗೆ ಹಿತವಾಯಿತು. ಪ್ರಶ್ನೆ ನೆನಪಾದಾಗ ಮತ್ತೆ ಕೇಳಿದ. ಅಜ್ಜ ಆಗ ಸೂಜಿಯನ್ನು ಕೌದಿಗೆ ಸಿಕ್ಕಿಸಿ ಕತೆ ಹೇಳಿದರು.

“ಒಂದು ಊರು. ಊರಾಚೆ ಒಂದು ತೋಪು. ಊರಿನಲ್ಲಿ ಒಬ್ಬ ಮುದುಕಿ.

ಹೆಂಗಸರು ಕಳೆ ತೆಗೆಯಲು ಹೋಗುವಾಗ ಸಣ್ಣ ಮಕ್ಕಳನ್ನು ಮುದುಕಿಯ ಕೈಗೆ ಒಪ್ಪಿಸುತ್ತಿದ್ದರು. ಮುದುಕಿ ಅವರನ್ನು ತೋಪಿಗೆ ಬಿಡುತ್ತಿದ್ದಳು. ತಾನು ಒಂದು ಬೇರಿನ ಮೇಲೆ ಕೂರುತ್ತಿದ್ದಳು. ‘ಹತ್ತಬೇಡ, ಮುಟ್ಟಬೇಡ, ಓಡಬೇಡ’ ಎಂದು ಕೂಗಿದವಳಲ್ಲ. ಅವಳ ಕಣ್ಣು ಮಂಜಾಗಿತ್ತು. ಅವಳು ಮಕ್ಕಳನ್ನು ಕಿವಿಯಿಂದ ಕಾಯುತ್ತಿದ್ದಳು. ಅದೂ ಮಕ್ಕಳ ಸದ್ದಿನಿಂದಲ್ಲ, ತೋಪಿನ ಸದ್ದಿನಿಂದ. ಅಳಿಲು ಚಿಟಗುಟ್ಟುವುದನ್ನು ನಿಲ್ಲಿಸಿದರೆ ಆ ಮರದ ಕೆಳಗೆ ಮಗುವಿದೆ. ಕಪ್ಪೆ ದುಡುಮ್ಮೆಂದರೆ ಮಗು ನೀರಿನ ಅಂಚಿಗೆ ಬಂದಿದೆ. ಹರಟೆಮಲ್ಲ ಹಕ್ಕಿಗಳು ಗುಂಪಾಗಿ ಕಿರುಚಿದರೆ ಅಲ್ಲಿ ಹಾವು. ಆಗ ಮಾತ್ರ ಮುದುಕಿ ಏಳುತ್ತಿದ್ದಳು. ಮೂವತ್ತು ವರ್ಷ ಆ ಬೇರಿನ ಮೇಲೆ ಕೂತಳು. ಒಂದು ದಿನವೂ ತೂಕಡಿಸಲಿಲ್ಲ.

ಮಕ್ಕಳೂ ಕಲಿತವು. ಯಾವ ಇರುವೆ ಕಚ್ಚುತ್ತದೆ, ಯಾವುದು ಕಚ್ಚುವುದಿಲ್ಲ ಎಂದು ಕಲಿತವು. ಹೆಣ್ಣುನವಿಲು ಮೊಟ್ಟೆಯ ಮೇಲೆ ಕೂತಿದ್ದರೆ ಹೇಗೆ ಕಾಲಿಡಬೇಕೆಂದು ಕಲಿತವು. ಬೈಗಿಗೆ ಮನೆಗೆ ಹೋಗಿ ತಾಯಂದಿರಿಗೆ ಒಂದು ಬುಟ್ಟಿ ಮಾತು ಸುರಿಯುತ್ತಿದ್ದವು.

ಊರಿನಲ್ಲಿ ಒಬ್ಬ ವ್ಯಾಪಾರಿ. ಅವನಿಗೆ ಒಬ್ಬನೇ ಮೊಮ್ಮಗ. ಊರಿನ ಮಕ್ಕಳ ಮಾತು ಕೇಳಿ ಅವನಿಗೂ ಆಸೆಯಾಯಿತು. ಮೊಮ್ಮಗನನ್ನು ಕರೆತಂದ. ಮಗುವಿನ ಎರಡೂ ಕಾಲಿಗೆ ಬೆಳ್ಳಿಯ ಗೆಜ್ಜೆ ಕಟ್ಟಿಸಿದ್ದ.

ಮುದುಕಿ ಹೇಳಿದಳು: ‘ಸೆಟ್ಟರೆ, ಗೆಜ್ಜೆ ಬಿಚ್ಚಿ. ಇದರ ಸದ್ದಿಗೆ ತೋಪು ಎದ್ದು ಓಡಿಹೋಗುತ್ತದೆ.’

‘ತೋಪಿಗೆ ಕಾಲಿದೆಯೇ? ಈ ವಯಸ್ಸಿನಲ್ಲಿ ನಗಿಸಬೇಡ ಮುದುಕಿ. ಇದು ಕೇಳುತ್ತಿದ್ದರೆ ನನಗೂ ಧೈರ್ಯ, ನಿನಗೂ ಧೈರ್ಯ.’

ತೋಪು ವ್ಯಾಪಾರಿಯದು. ಮುದುಕಿ ಮಗುವನ್ನು ಗೆಜ್ಜೆ ಸಮೇತ ಒಳಗೆ ಬಿಟ್ಟಳು.

ಮಿಕ್ಕ ತಾಯಂದಿರು ನೋಡಿದರು. ಸೆಟ್ಟರ ಮನೆಯ ಮಗು ಮಾತ್ರ ಮಗುವೇ, ನಮ್ಮವು ತಿಪ್ಪೆಯ ಮೇಲೆ ಸಿಕ್ಕಿದವೇ ಎಂದರು. ಬೆಳ್ಳಿ ಇಲ್ಲದವರು ಹಿತ್ತಾಳೆ ತಂದರು. ಹದಿನೈದು ದಿನದಲ್ಲಿ ಹನ್ನೊಂದು ಮಕ್ಕಳ ಕಾಲಿಗೂ ಗೆಜ್ಜೆ ಬಂತು. ತೋಪೆಲ್ಲ ಝಣಝಣ.

ಮೊದಲು ನವಿಲು ಹೋಯಿತು. ಆಮೇಲೆ ಅಳಿಲು ಹೋಯಿತು. ಹರಟೆಮಲ್ಲಗಳು ಹಳ್ಳದ ಆಚೆ ದಡಕ್ಕೆ ಹೋದವು. ‘ಇವತ್ತು ಏನು ನೋಡಿದೆ?’ ಎಂದು ತಾಯಂದಿರು ಕೇಳಿದರೆ ಮಕ್ಕಳು, ‘ಏನೂ ಇಲ್ಲ’ ಎನ್ನುತ್ತಿದ್ದವು. ಮಕ್ಕಳು ಗಂಭೀರವಾದವು ಎಂದು ತಾಯಂದಿರು ಸಂತೋಷಪಟ್ಟರು.

ಮುದುಕಿಗೆ ಮೊದಮೊದಲು ಆ ಸದ್ದು ಕಿವಿಯಲ್ಲಿ ಮರಳು ಹೊಯ್ದಂತಾಯಿತು. ಆಮೇಲೆ ರೂಢಿಯಾಯಿತು. ಆಮೇಲೆ ಹಿತವಾಯಿತು. ಗೆಜ್ಜೆ ಕೇಳುತ್ತಿದೆ, ಮಕ್ಕಳು ಇದ್ದಾರೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಮುದುಕಿ ಬೇರಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು. ಮರುದಿನ ತಲೆಗೆ ಇಟ್ಟುಕೊಳ್ಳಲು ಒಂದು ಸೀರೆಯ ಸುರುಳಿ ತಂದಳು.

ಆ ಮಕ್ಕಳಲ್ಲಿ ಒಂದು ಹೆಣ್ಣುಮಗು. ಒಬ್ಬ ಕುಂಬಾರನ ಮಗಳು, ನಾಲ್ಕು ವರ್ಷ. ಅವಳು ಗೆಜ್ಜೆ ಬರುವ ಮೊದಲು ಹೆಣ್ಣುನವಿಲನ್ನು ಕಂಡಿದ್ದಳು. ಅದು ಮತ್ತೆ ಬೇಕೆಂದು ದಿನವೂ ಹುಡುಕಿದಳು. ಹುಡುಕಿ ಹುಡುಕಿ ಅದು ಏಕೆ ಹೋಯಿತೆಂದು ತಾನೇ ತಿಳಿದುಕೊಂಡಳು. ಮುದುಕಿ ಮರೆತದ್ದು, ಮಿಕ್ಕ ದೊಡ್ಡವರಿಗೆ ತಿಳಿಯದದ್ದು ಅವಳಿಗೆ ತಿಳಿಯಿತು. ಕೂತು ಕಾಲಿನ ಗೆಜ್ಜೆ ಬಿಚ್ಚಿದಳು. ಸದ್ದು ನಿಂತರೆ ಅಜ್ಜಿ ಹೆದರಿಯಾಳೆಂದು, ಅಲ್ಲೇ ಮೇಯುತ್ತಿದ್ದ ಆಡಿನ ಮರಿಯ ಕೊರಳಿಗೆ ಅದನ್ನು ಕಟ್ಟಿದಳು. ತುದಿಗಾಲಲ್ಲಿ ಪೊದೆಯೊಳಗೆ ಹೋದಳು.

ಪೊದೆಯ ಆಚೆ ಹಾಳುಬಾವಿ. ಅದರ ಬಾಯಿಗೆ ಹುಲ್ಲು ಬೆಳೆದಿತ್ತು. ಅದರ ಅಂಚಿನಲ್ಲಿ ಹರಟೆಮಲ್ಲಗಳು ಗೂಡು ಕಟ್ಟುತ್ತಿದ್ದವು. ಹಿಂದೆಲ್ಲ ಯಾವ ಮಗು ಅತ್ತ ಸುಳಿದರೂ ಅವು ತೋಪು ಕಿತ್ತುಬರುವಂತೆ ಕಿರುಚುತ್ತಿದ್ದವು. ಈಗ ಅಲ್ಲಿ ಕಿರುಚಲು ಯಾರೂ ಇರಲಿಲ್ಲ.

ಬೈಗಿಗೆ ಮುದುಕಿ ಎದ್ದು ಕೂ ಎಂದಳು. ಹನ್ನೊಂದು ಗೆಜ್ಜೆಯ ಸದ್ದು ಬಂತು. ಹತ್ತು ಮಕ್ಕಳು ಬಂದವು. ಒಂದು ಆಡಿನ ಮರಿ ಬಂತು.

ಮಗುವನ್ನು ಮರುದಿನ ಬಾವಿಯಿಂದ ಎತ್ತಿದರು. ಕುಂಬಾರನ ಹೆಂಡತಿ ಅಳಲಿಲ್ಲ. ಮುದುಕಿಯ ಮುಂದೆ ಬಂದು ನಿಂತು ಒಂದೇ ಮಾತು ಕೇಳಿದಳು: ‘ಅಜ್ಜೀ, ನೀನು ಆಗ ಎಲ್ಲಿದ್ದೆ?’

‘ಇಲ್ಲೇ ಇದ್ದೆ ತಾಯಿ. ಗೆಜ್ಜೆ ಕೇಳುತ್ತಿತ್ತು.’

ಊರು ಕೂಡಿತು. ಗೆಜ್ಜೆ ಬಿಚ್ಚೋಣ ಎಂದು ಒಬ್ಬರೂ ಅನ್ನಲಿಲ್ಲ. ಗಂಟು ಸಡಿಲವಿತ್ತು ಎಂದರು. ಅಕ್ಕಸಾಲಿಗನನ್ನು ಕರೆಸಿ, ಬಿಚ್ಚಲು ಬಾರದಂತೆ ಮಕ್ಕಳ ಕಾಲಿನ ಗೆಜ್ಜೆಗೆ ಬೆಸುಗೆ ಹಾಕಿಸಿದರು. ಮುದುಕಿ ಕಿವುಡಿಯೆಂದು ಬೇರೊಬ್ಬಳನ್ನು ಕೂರಿಸಿದರು. ಹೊಸಬಳು ಬರುವಾಗಲೇ ಚಾಪೆ, ದಿಂಬು ತಂದಳು. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ವ್ಯಾಪಾರಿಯ ಮೊಮ್ಮಗ ತೋಪು ಕಡಿಸಿದ. ಬೇಡವೆನ್ನಲು ಯಾರೂ ಬರಲಿಲ್ಲ. ಅಲ್ಲಿ ಏನಾದರೂ ಇತ್ತೆಂದು ಅವರಿಗೆ ಗೊತ್ತಿರಲಿಲ್ಲ.”

ಅಜ್ಜ ಕತೆ ನಿಲ್ಲಿಸಿ ಮತ್ತೆ ಸೂಜಿ ಹಿಡಿದರು.

ಮಾಲತೇಶನ ಎದೆಯ ಭಾರ ಇಳಿದಂತಾಯಿತು. ಅವನು ತೊಡೆ ತಟ್ಟಿಕೊಂಡ. ತಾನು ಮೊದಲಿನಿಂದಲೂ ಅಂದುಕೊಂಡದ್ದೇ ಸರಿಯಾಗಿತ್ತು. ತಂತಿ ಕೊಡಲು ಬಂದ ಸಾಹುಕಾರನಿಗೆ ಯಾವ ಮಾತಿನಲ್ಲಿ ಕುಟುಕಬೇಕು, ತಾಯಂದಿರಿಗೆ ಈ ಕತೆಯನ್ನು ಹೇಗೆ ಹೇಳಬೇಕು ಎಂದು ಆಗಲೇ ಮನಸ್ಸಿನಲ್ಲಿ ಜೋಡಿಸತೊಡಗಿದ.

“ತಿಳಿಯಿತು ಅಜ್ಜಾರೆ. ಬೇಲಿ ಬೇಡ. ಬೇಲಿ ಹಾಕಿದ ದಿನ ಕಾಯುವವನು ಮಲಗುತ್ತಾನೆ. ಇದನ್ನೇ ಹೋಗಿ ಹೇಳುತ್ತೇನೆ. ಇನ್ನೆರಡು ದಿನ ನಿಮ್ಮ ಸೇವೆ ಮಾಡಿಕೊಂಡು ಹೊರಡುತ್ತೇನೆ.”

ಅಜ್ಜ ದಾರವನ್ನು ಹಲ್ಲಿನಿಂದ ಕಡಿದರು.

“ನೀನು ಬಂದು ಒಂಬತ್ತು ದಿನವಾಯಿತು, ಅಲ್ಲಿ ತೋಪಿನಲ್ಲಿ ಕೇಳಿಸಿಕೊಳ್ಳುತ್ತಿರುವವರು ಯಾರು?”

ಮಾಲತೇಶ ಎದ್ದು ಗವಿಯ ಮೂಲೆಗೆ ಹೋಗಿ ಚಾಪೆ ಸುತ್ತತೊಡಗಿದ. ಅವಸರಕ್ಕೆ ಅದು ಎರಡು ಸಲ ಬಿಚ್ಚಿಕೊಂಡಿತು.